ಕಾಲ್ಪನಿಕ ಮೆಟ್ರೋ ನಕ್ಷೆ ಮತ್ತು ಕೃತಿಸ್ವಾಮ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲದ ರೈಲಿಗೆ ನಕ್ಷೆ ಬಿಡಿಸುವ ಹವ್ಯಾಸ ನಮ್ಮಲ್ಲೂ ಬೆಳೆಯುತ್ತಿದೆ. ಹೊಸದಾಗಿ ಕೈಹಾಕುವವರು ಕೇಳುವ ಪ್ರಶ್ನೆಗಳಲ್ಲಿ ಅರ್ಧ ತಂತ್ರಾಂಶದ ಬಗ್ಗೆ, ಇನ್ನರ್ಧ ‘ಇದು ಕಳ್ಳತನವಾಗುತ್ತದೆಯೇ?’ ಎಂಬ ಅಳುಕಿನ ಬಗ್ಗೆ ಇರುತ್ತವೆ. ಎರಡಕ್ಕೂ ಇಲ್ಲಿ ಉತ್ತರವಿದೆ. ಉದಾಹರಣೆಗೆ ಮೈಸೂರನ್ನು ತೆಗೆದುಕೊಂಡಿದ್ದೇನೆ. ಅಲ್ಲಿ ಮೆಟ್ರೋ ಇಲ್ಲ, ಹಾಗಾಗಿ ಕನಸಿಗೆ ಬೇಕಾದಷ್ಟು ಜಾಗವಿದೆ. ಕಾನೂನಿನ ಮಾತು ಬಂದಲ್ಲೆಲ್ಲ ಭಾರತದ 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯೇ ಆಧಾರ. ವ್ಯಾಪಾರಕ್ಕೆ ಇಳಿಯುವವರು ಒಮ್ಮೆ ವಕೀಲರನ್ನು ಕಾಣುವುದು ಒಳ್ಳೆಯದು.

ಕಾಲ್ಪನಿಕ ಸಾರಿಗೆ ನಕ್ಷೆ ಎಂದರೇನು?

ವಾಸ್ತವದಲ್ಲಿ ಇಲ್ಲದ ಮೆಟ್ರೋ, ಟ್ರಾಮ್, ರೈಲು ಅಥವಾ ಬಸ್ ಜಾಲವನ್ನು ನಿಜವೇ ಎಂಬಂತೆ ಬಿಡಿಸಿದ ನಕ್ಷೆ. ಊರು ನಿಜವಿರಬಹುದು, ಕಲ್ಪನೆಯದಿರಬಹುದು. ಇಲವಾಲದಿಂದ ಹೆಬ್ಬಾಳ, ರೈಲು ನಿಲ್ದಾಣ, ಕೆ.ಆರ್. ವೃತ್ತ, ಮೃಗಾಲಯ ದಾಟಿ ಚಾಮುಂಡಿ ಬೆಟ್ಟದ ತಪ್ಪಲಿಗೆ ಒಂದು ಮಾರ್ಗ ಎಳೆದರೆ ನೀವೂ ಈ ಗುಂಪಿಗೆ ಸೇರಿದಿರಿ.

ಎಲ್ಲ ಮೆಟ್ರೋ ನಕ್ಷೆಗಳೂ ಒಂದೇ ರೀತಿ ಕಾಣುತ್ತವಲ್ಲ, ಆ ಶೈಲಿ ಯಾರದ್ದು?

ಅದರ ಹಿಂದೆ ಹ್ಯಾರಿ ಬೆಕ್ ಎಂಬ ನಕ್ಷೆಗಾರನಿದ್ದಾನೆ. ಲಂಡನ್ನಿನ ಭೂಗತ ರೈಲಿನ ಸಿಗ್ನಲ್ ವಿಭಾಗದಲ್ಲಿ ವಿದ್ಯುತ್ ನಕ್ಷೆಗಳನ್ನು ಬಿಡಿಸುತ್ತಿದ್ದ ಅವನು 1931ರಲ್ಲಿ ಈ ವಿನ್ಯಾಸ ಮಾಡಿದ. 1933ರಲ್ಲಿ ಅದು ಜೇಬಿನ ನಕ್ಷೆಯಾಗಿ ಅಚ್ಚಾಯಿತು. ನೆಲದೊಳಗೆ ಹೋಗುವವನಿಗೆ ಮೇಲಿನ ರಸ್ತೆಯ ಅಂಕುಡೊಂಕು ಯಾಕೆ, ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ ಸಾಕು ಎಂದು ಅವನು ಹಿಡಿದ. ಅಡ್ಡ, ಉದ್ದ, 45 ಡಿಗ್ರಿಯ ಓರೆ: ಈ ಮೂರೇ ದಿಕ್ಕುಗಳು. ನಿಲ್ದಾಣಗಳ ನಡುವೆ ಹೆಚ್ಚುಕಡಿಮೆ ಸಮ ಅಂತರ. ಭೂಗೋಳದ ಗುರುತಾಗಿ ಥೇಮ್ಸ್ ನದಿಯೊಂದನ್ನು ಮಾತ್ರ ಉಳಿಸಿದ.

ಈ ವಿಧಾನ ಇಂದು ಜಗತ್ತಿನ ಆಸ್ತಿ. ಬೆಕ್ ಬಿಡಿಸಿದ ನಕ್ಷೆ ಹಾಗಲ್ಲ. ಮುಂದಿನ ಅರ್ಧದಷ್ಟು ಉತ್ತರಗಳು ಈ ವ್ಯತ್ಯಾಸದ ಮೇಲೆಯೇ ನಿಂತಿವೆ.

ಹಾಗಾದರೆ ಶೈಲಿಯನ್ನು ಅನುಸರಿಸಬಹುದು, ನಕ್ಷೆಯನ್ನು ನಕಲು ಮಾಡಬಾರದು ಎಂದೇ?

ಹೌದು. ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಒಬ್ಬರು ರೂಪಕ್ಕೆ ತಂದ ಬಗೆಗೆ ಇದೆ. ನಾಟಕಕಾರ ಆರ್.ಜಿ. ಆನಂದ್ ಒಂದು ಸಿನಿಮಾದ ವಿರುದ್ಧ ಹೂಡಿದ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿಯೇ ಇದನ್ನು ಸ್ಪಷ್ಟಪಡಿಸಿದೆ. ಕಾಯ್ದೆಯ 2(ಸಿ) ವಿಧಿ ‘ಕಲಾಕೃತಿ’ಯ ಪಟ್ಟಿಯಲ್ಲಿ ರೇಖಾಚಿತ್ರ, ನಕ್ಷೆ, ಚಾರ್ಟು, ಪ್ಲಾನುಗಳನ್ನು ಹೆಸರಿಸಿಯೇ ಸೇರಿಸಿದೆ. ಆದ್ದರಿಂದ 45 ಡಿಗ್ರಿಯ ಗೆರೆ, ಬಣ್ಣಕ್ಕೊಂದು ಮಾರ್ಗ, ಬದಲಾವಣೆ ನಿಲ್ದಾಣಕ್ಕೆ ಬಿಳಿ ವೃತ್ತ, ಇವು ಯಾರ ಮನೆಯ ಸ್ವತ್ತೂ ಅಲ್ಲ. ಒಂದು ನಿರ್ದಿಷ್ಟ ನಕ್ಷೆಯಲ್ಲಿ ಗೆರೆಗಳು ಎಲ್ಲಿ ತಿರುಗುತ್ತವೆ, ಹೆಸರುಗಳು ಯಾವ ಬದಿಗೆ ಕುಳಿತಿವೆ, ಕಿಕ್ಕಿರಿದ ನಡುಭಾಗವನ್ನು ಹೇಗೆ ಬಿಡಿಸಿದ್ದಾರೆ ಎಂಬ ಒಟ್ಟು ಜೋಡಣೆ ಮಾತ್ರ ಬಿಡಿಸಿದವರದು.

ವಾಸ್ತವಾಂಶಗಳೂ ಮುಕ್ತ. ಬೆಂಗಳೂರು ಮೆಟ್ರೋದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಹೋಗುತ್ತದೆ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗವನ್ನು ಸಂಧಿಸುತ್ತದೆ ಎಂಬುದು ಬರಿಯ ಮಾಹಿತಿ. ಅದನ್ನು ಯಾರು ಬೇಕಾದರೂ ತಮ್ಮ ಗೆರೆಯಲ್ಲಿ ಹೇಳಬಹುದು.

ಅಧಿಕೃತ ನಕ್ಷೆಯ ಪಿಡಿಎಫ್ ತೆರೆದು ಹೆಸರುಗಳನ್ನಷ್ಟೇ ಬದಲಿಸಿದರೆ?

ಬೇಡ. ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಪ್ರಶ್ನೆಯ ಹಿಂದಿನ ಆಸೆ ನನಗೂ ಅರ್ಥವಾಗುತ್ತದೆ. ಪಿಡಿಎಫ್ ಅನ್ನು ಇಂಕ್‌ಸ್ಕೇಪಿನಲ್ಲೋ ಇಲ್ಲಸ್ಟ್ರೇಟರಿನಲ್ಲೋ, ಅಂದರೆ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ, ತೆರೆದರೆ ಗೆರೆಗಳೆಲ್ಲ ಬಿಡಿಬಿಡಿಯಾಗಿ ಕೈಗೆ ಸಿಗುತ್ತವೆ, ಹೆಸರು ಅಳಿಸಿ ಬೇರೆ ಬರೆಯುವುದು ಒಂದು ಸಂಜೆಯ ಕೆಲಸ. ಆದರೆ ಹಾಗೆ ಬಂದದ್ದು ಮೂಲ ನಕ್ಷೆಯ ರೂಪಾಂತರ. ರೂಪಾಂತರ ಮಾಡುವ ಹಕ್ಕೂ ಕೃತಿಸ್ವಾಮ್ಯ ಉಳ್ಳವರದೇ. ಶೇಕಡಾ ಇಪ್ಪತ್ತರಷ್ಟು ಬದಲಿಸಿದರೆ ಸಾಕು, ಮೂವತ್ತರಷ್ಟು ಬದಲಿಸಿದರೆ ಸಾಕು ಎಂಬ ಮಾತುಗಳು ಹರಿದಾಡುತ್ತಿರುತ್ತವೆ. ಕಾಯ್ದೆಯಲ್ಲಿ ಅಂಥ ಅಳತೆ ಎಲ್ಲೂ ಇಲ್ಲ.

ಲಂಡನ್ ನಕ್ಷೆಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಅಲ್ಲಿನ ಸಾರಿಗೆ ಸಂಸ್ಥೆ ನಕ್ಷೆಯ ಬಳಕೆಗೆ ಪರವಾನಗಿ ಕೊಡುತ್ತದೆ, ಕೆಂಪು ವೃತ್ತಕ್ಕೆ ನೀಲಿ ಪಟ್ಟಿ ಅಡ್ಡಹಾಯುವ ಅದರ ಲಾಂಛನ ನೋಂದಾಯಿತ ವಾಣಿಜ್ಯ ಚಿಹ್ನೆ. ಬೆಕ್ ತೀರಿಕೊಂಡದ್ದು 1974ರಲ್ಲಿ. ಬ್ರಿಟನ್ನಿನಲ್ಲಿ ಕೃತಿಕಾರನ ಮರಣಾನಂತರ 70 ವರ್ಷ ರಕ್ಷಣೆ, ಅಂದರೆ 2044ರ ಕೊನೆಯವರೆಗೆ. ನಮ್ಮಲ್ಲಿ 60 ವರ್ಷ, ಅಂದರೆ 2034ರ ಕೊನೆಯವರೆಗೆ. ಆ ಬಳಿಕವೂ ಮುಕ್ತವಾಗುವುದು ಬೆಕ್ ಬಿಡಿಸಿದ ನಕ್ಷೆಗಳು ಮಾತ್ರ, ಇಂದು ಲಂಡನ್ನಿನ ಗೋಡೆಯ ಮೇಲಿರುವುದಲ್ಲ.

ಸರ್ಕಾರದ ನಕ್ಷೆ ಎಂದರೆ ಜನರದ್ದೇ ಅಲ್ಲವೇ?

ಭಾವನೆ ಸರಿ, ಕಾನೂನು ಬೇರೆ. ಅಮೆರಿಕದ ಒಕ್ಕೂಟ ಸರ್ಕಾರದ ನೌಕರರು ಕೆಲಸದ ಭಾಗವಾಗಿ ರಚಿಸಿದ್ದಕ್ಕೆ ಅಲ್ಲಿ ಕೃತಿಸ್ವಾಮ್ಯವಿಲ್ಲ; ಈ ತಪ್ಪು ಕಲ್ಪನೆ ಹುಟ್ಟಿದ್ದು ಬಹುಶಃ ಅಲ್ಲಿಂದಲೇ. ಆದರೆ ಅಲ್ಲಿಯೂ ನ್ಯೂಯಾರ್ಕ್ ಸಬ್‌ವೇ ನಡೆಸುವ ಸಂಸ್ಥೆ ಒಕ್ಕೂಟ ಸರ್ಕಾರದ್ದಲ್ಲ, ಅದರ ನಕ್ಷೆಗೆ ಕೃತಿಸ್ವಾಮ್ಯವಿದೆ. ಭಾರತದಲ್ಲಿ ಸರ್ಕಾರಿ ಕೃತಿಗೂ ಸಾರ್ವಜನಿಕ ಉದ್ಯಮದ ಕೃತಿಗೂ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ. ನಮ್ಮ ಮೆಟ್ರೋದ ಮೊದಲ ರೈಲು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಓಡಿದ್ದೇ 2011ರ ಅಕ್ಟೋಬರಿನಲ್ಲಿ. ಅವಧಿ ಮುಗಿಯಲು ಕಾಯುವುದಾದರೆ ಮೊಮ್ಮಕ್ಕಳಿಗೆ ಹೇಳಿಡಬೇಕು.

ನಾನು ಹಣ ಮಾಡುತ್ತಿಲ್ಲ. ಆಗಲೂ ತಪ್ಪೇ?

ಖಾಸಗಿ ಉಪಯೋಗ, ಸಂಶೋಧನೆ, ವಿಮರ್ಶೆ ಇವುಗಳಿಗಾಗಿ ನ್ಯಾಯವಾದ ಬಳಕೆಗೆ 52ನೇ ವಿಧಿ ಅವಕಾಶ ಕೊಡುತ್ತದೆ. ಕೈ ಪಳಗಲೆಂದು ಒಂದು ನಕ್ಷೆಯ ಮೇಲೆ ಗೆರೆ ಎಳೆದು ಕಲಿತರೆ ಯಾರ ತಕರಾರೂ ಇಲ್ಲ. ನಾನು ಎಲ್ಲರಿಗೂ ಹಾಗೆಯೇ ಕಲಿಯಲು ಹೇಳುತ್ತೇನೆ. ಒಂದು ಅಧಿಕೃತ ನಕ್ಷೆಯ ಭಾಗವನ್ನು ತೋರಿಸಿ ಅದರ ಗುಣದೋಷ ಬರೆಯುವುದೂ ಸರಿ. ಆದರೆ ಅಂತರ್ಜಾಲದಲ್ಲಿ ಸಾವಿರ ಜನರ ಮುಂದಿಟ್ಟದ್ದು ಖಾಸಗಿಯಾಗಿ ಉಳಿಯುವುದಿಲ್ಲ. ದುಡ್ಡು ಪಡೆದಿಲ್ಲ ಎಂಬುದು ಹಾನಿಯ ಲೆಕ್ಕದಲ್ಲಿ ನೆರವಾದೀತು, ಅನುಮತಿಯ ಜಾಗದಲ್ಲಿ ನಿಲ್ಲದು.

ಹಾಗಾದರೆ ತಳಹದಿಗೆ ಯಾವ ನಕ್ಷೆ ಇಟ್ಟುಕೊಳ್ಳಲಿ?

ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಆರಂಭವಾದ, ಜನರೇ ಕೂಡಿ ಕಟ್ಟಿದ ನಕ್ಷೆ ಇದು. 2012ರಿಂದ ಇದರ ದತ್ತಾಂಶ ಮುಕ್ತ ದತ್ತಾಂಶ ಪರವಾನಗಿಯಲ್ಲಿದೆ. ಮೈಸೂರಿನ ಹೊರವರ್ತುಲ ರಸ್ತೆ, ಕುಕ್ಕರಹಳ್ಳಿ ಕೆರೆ, ನಂಜನಗೂಡಿನ ಕಡೆಗೆ ಹೋಗುವ ರೈಲುಹಳಿ ಎಲ್ಲವೂ ಅದರಲ್ಲಿವೆ. ನಿಮ್ಮ ಚಿತ್ರವನ್ನು ಮಾರಲೂಬಹುದು. ಕೇಳುವುದು ಇಷ್ಟೇ: ‘© ಓಪನ್‌ಸ್ಟ್ರೀಟ್‌ಮ್ಯಾಪ್ ಕೊಡುಗೆದಾರರು’ ಎಂದು ಕಾಣುವಂತೆ ಬರೆಯಬೇಕು. ಚಿತ್ರವಲ್ಲದೆ ದತ್ತಾಂಶವನ್ನೇ ತಿದ್ದಿ ಬೆಳೆಸಿ ಹಂಚುವುದಾದರೆ ಅದನ್ನೂ ಅದೇ ಪರವಾನಗಿಯಲ್ಲಿ ಬಿಟ್ಟುಕೊಡಬೇಕು.

ಗೂಗಲ್ ಮ್ಯಾಪ್ಸ್‌ನ ತೆರೆಚಿತ್ರ ಹಿಡಿದು ಅದರ ಮೇಲೆ ಗೆರೆ ಎಳೆಯುವುದನ್ನು ಅವರ ಬಳಕೆಯ ನಿಯಮಗಳು ಒಪ್ಪುವುದಿಲ್ಲ. ದಾರಿ ನೋಡಲು ಬಳಸಿ, ತಳಹದಿಯಾಗಿ ಬೇಡ.

ವಿಕಿಮೀಡಿಯ ಕಾಮನ್ಸ್‌ನಲ್ಲಿ ಸಿಕ್ಕಿದ್ದನ್ನು ಧಾರಾಳವಾಗಿ ಬಳಸಬಹುದಲ್ಲ?

ಧಾರಾಳವಾಗಿ ಅಲ್ಲ, ಷರತ್ತಿನೊಂದಿಗೆ. ವಿಕಿಪೀಡಿಯ ಬಳಗದ ಈ ಚಿತ್ರಭಂಡಾರದಲ್ಲಿ ಪ್ರತಿ ಚಿತ್ರದ ಪುಟದಲ್ಲೂ ಪರವಾನಗಿ ಬರೆದಿರುತ್ತದೆ, ಓದಿ. ‘ಸಿಸಿ ಬಿವೈ’ (ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಒಂದು ಬಗೆ) ಎಂದಿದ್ದರೆ ಮೂಲ ರಚನೆಕಾರರ ಹೆಸರು, ಪರವಾನಗಿಯ ಕೊಂಡಿ, ನೀವು ಮಾಡಿದ ಬದಲಾವಣೆ ಇವನ್ನು ಹೇಳಬೇಕು. ಜೊತೆಗೆ ‘ಎಸ್‌ಎ’ ಇದ್ದರೆ ನಿಮ್ಮ ರೂಪಾಂತರವೂ ಅದೇ ಪರವಾನಗಿಯಲ್ಲಿ ಹೊರಬರಬೇಕು. ನಂತರ ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂದು ಬರೆಯುವಂತಿಲ್ಲ. ಬೇರೆ ತಾಣಗಳಲ್ಲಿ ‘ಎನ್‌ಡಿ’ ಎಂದು ಕಂಡರೆ ಬದಲಿಸಿ ಹಂಚುವಂತಿಲ್ಲ, ‘ಎನ್‌ಸಿ’ ಎಂದರೆ ವ್ಯಾಪಾರಕ್ಕಿಲ್ಲ.

ಯಾವ ತಂತ್ರಾಂಶ ಒಳ್ಳೆಯದು?

ಇಂಕ್‌ಸ್ಕೇಪ್. ಉಚಿತ, ಮುಕ್ತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಮೆಟ್ರೋ ನಕ್ಷೆ ಗೆರೆಗಳ ಆಟ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ವೆಕ್ಟರ್ ಚಿತ್ರ ಬೇಕು. ಫೋಟೋಶಾಪ್, ಗಿಂಪ್ ಮುಖ್ಯವಾಗಿ ಫೋಟೋ ತಿದ್ದಲು ಹುಟ್ಟಿದವು, ಅವುಗಳಲ್ಲಿ ಬಿಡಿಸಿದವರು ಒಂದು ನಿಲ್ದಾಣವನ್ನು ಸರಿಸಬೇಕಾದಾಗ ಅಳುತ್ತಾರೆ. ಇಲ್ಲಸ್ಟ್ರೇಟರ್ ಅಥವಾ ಕೋರೆಲ್‌ಡ್ರಾ ಈಗಾಗಲೇ ನಿಮ್ಮಲ್ಲಿದ್ದರೆ ಬದಲಿಸಬೇಕಿಲ್ಲ. ಕದ್ದ ಪ್ರತಿಯ ತಂತ್ರಾಂಶದಲ್ಲಿ ಕುಳಿತು ಕೃತಿಸ್ವಾಮ್ಯದ ಚಿಂತೆ ಮಾಡುವವರನ್ನೂ ಕಂಡಿದ್ದೇನೆ; ಅವರಿಗೂ ಇಂಕ್‌ಸ್ಕೇಪೇ ಉತ್ತರ.

ಎಲ್ಲಿಂದ ಶುರು ಮಾಡಲಿ?

ಕಾಗದದಿಂದ. ಮೊದಲು ನಿಲ್ದಾಣಗಳ ಪಟ್ಟಿ ಬರೆಯಿರಿ, ಬದಲಾವಣೆ ನಿಲ್ದಾಣಗಳನ್ನು ಗುರುತಿಸಿ, ಕೈಯಲ್ಲಿ ಎರಡು ಮೂರು ಕರಡು ಗೀಚಿ. ಆಮೇಲೆ ತಂತ್ರಾಂಶದಲ್ಲಿ ಪದರಗಳನ್ನು ಮಾಡಿಕೊಳ್ಳಿ: ಕೆಳಗೆ ಓಪನ್‌ಸ್ಟ್ರೀಟ್‌ಮ್ಯಾಪಿನ ಚಿತ್ರ, ಅದರ ಮೇಲೆ ಕೆರೆ ಬೆಟ್ಟಗಳು, ಮಾರ್ಗಗಳು, ನಿಲ್ದಾಣಗಳು, ಹೆಸರುಗಳು. ತಳದ ಪದರಕ್ಕೆ ಬೀಗ ಹಾಕಿ, ಮಸುಕು ಮಾಡಿ. ಬಳಿಕ ಚೌಕಳಿ ಎಳೆದು, ಚುಕ್ಕಿಯಿಟ್ಟು ರಂಗೋಲಿ ಬಿಡಿಸುವ ಹಾಗೆ ಬಿಂದುವಿನಿಂದ ಬಿಂದುವಿಗೆ ಗೆರೆ ಎಳೆಯಿರಿ. ಪೆನ್ ಸಾಧನದ ಜೊತೆ ಕಂಟ್ರೋಲ್ ಒತ್ತಿ ಹಿಡಿದರೆ ಗೆರೆ 15 ಡಿಗ್ರಿಯ ಹೆಜ್ಜೆಗಳಲ್ಲಿ ಮಾತ್ರ ತಿರುಗುತ್ತದೆ. ಆಯ್ಕೆಗಳಿಗೆ ಹೋಗಿ ಅದನ್ನು 45 ಮಾಡಿಟ್ಟುಕೊಳ್ಳಿ. ನಿಲ್ದಾಣದ ಗುರುತನ್ನು ಒಮ್ಮೆ ಬಿಡಿಸಿ ಉಳಿದವನ್ನು ಕ್ಲೋನ್ ಮಾಡಿದರೆ, ಮೂಲವನ್ನು ತಿದ್ದಿದಾಗ ಎಲ್ಲವೂ ತಾವಾಗಿ ಬದಲಾಗುತ್ತವೆ.

ಎರಡು ಮಾರ್ಗಗಳು ಪಕ್ಕಪಕ್ಕದಲ್ಲಿ ಹೋಗುವಾಗ ತಿರುವಿನಲ್ಲಿ ಒಂದರ ಮೇಲೊಂದು ಏರುತ್ತವೆ. ಯಾಕೆ?

ಇದು ಚೌಕಳಿಯ ಮೋಸ. ಗೆರೆಯ ದಪ್ಪ 6 ಮಿಲಿಮೀಟರ್, ಚೌಕಳಿಯ ಮನೆಯೂ 6 ಎಂದುಕೊಳ್ಳಿ. ನೇರ ಭಾಗದಲ್ಲಿ ಒಂದು ಮನೆ ಸರಿಸಿದರೆ ಎರಡು ಗೆರೆಗಳೂ ಅಂಚಿಗೆ ಅಂಚು ತಾಗಿ ಚೆನ್ನಾಗಿ ಕೂರುತ್ತವೆ. ಅದೇ ಲೆಕ್ಕದಲ್ಲಿ ಓರೆ ಭಾಗವನ್ನೂ ಒಂದು ಮನೆ ಪಕ್ಕಕ್ಕೆ ಸರಿಸಿದಿರೋ, ಗೆರೆಗಳ ನಡುವಿನ ಲಂಬ ಅಂತರ 6ರಿಂದ ಸುಮಾರು 4.2ಕ್ಕೆ ಇಳಿಯುತ್ತದೆ. ಏರಿ ಕೂರದೆ ಏನು ಮಾಡೀತು? ಓರೆಯಲ್ಲಿ ಅಂತರ ಉಳಿಯಬೇಕಾದರೆ ಅಡ್ಡಕ್ಕೆ 1.41 ಪಟ್ಟು, ಅಂದರೆ ಸುಮಾರು 8.5 ಮಿಲಿಮೀಟರ್ ಸರಿಸಬೇಕು. ಓರೆ ಭಾಗಕ್ಕೆ ಚೌಕಳಿಯ ಅಂಟನ್ನು (ಸ್ನ್ಯಾಪ್) ಬಿಡಿಸಿ ಮೊದಲ ಗೆರೆಗೆ ಸಮಾನಾಂತರ ಪ್ರತಿ ತೆಗೆಯುವುದು ಸುಲಭದ ದಾರಿ.

ಇನ್ನೊಂದು ತಪ್ಪು ಬಾಗುವಿಕೆಯಲ್ಲಿ. ಒಳಗಿನ ಗೆರೆಯ ತ್ರಿಜ್ಯ 12 ಇದ್ದರೆ ಹೊರಗಿನದು 18 ಇರಬೇಕು, ಮೂರನೆಯದು 24. ಎಲ್ಲಕ್ಕೂ ಒಂದೇ ತ್ರಿಜ್ಯ ಕೊಟ್ಟರೆ ತಿರುವಿನಲ್ಲಿ ಬಿರುಕು ಕಾಣುತ್ತದೆ. ಇಂಕ್‌ಸ್ಕೇಪಿನ ಪಥ ಪರಿಣಾಮಗಳ ಪಟ್ಟಿಯಲ್ಲಿ ಮೂಲೆಗಳನ್ನು ದುಂಡಾಗಿಸುವುದಿದೆ, ಅಲ್ಲಿ ಅಂಕಿಯನ್ನೇ ಕೊಡಬಹುದು. ನೋಡುವವರು ಕಾರಣ ಹೇಳಲಾರರು, ಆದರೆ ಒಂದು ನಕ್ಷೆ ಪಳಗಿದ ಕೈಯದು ಎಂದು ಅನಿಸುವುದು ಈ ತಿರುವುಗಳಿಂದಲೇ.

ಭೂಗೋಳವನ್ನು ಎಷ್ಟು ಉಳಿಸಿಕೊಳ್ಳಬೇಕು?

ಜನ ದಾರಿ ತಪ್ಪದಷ್ಟು. ನ್ಯೂಯಾರ್ಕಿಗೆ 1972ರಲ್ಲಿ ಮಾಸ್ಸಿಮೊ ವಿನ್ಯೆಲ್ಲಿ ಮಾಡಿಕೊಟ್ಟ ನಕ್ಷೆ ನೋಡಲು ಬಹಳ ಚೆಂದ. ಆದರೆ ಅದರಲ್ಲಿ ಉದ್ದನೆಯ ಸೆಂಟ್ರಲ್ ಪಾರ್ಕ್ ಚೌಕವಾಗಿತ್ತು, ನೀರು ನೀಲಿಯಾಗಿರಲಿಲ್ಲ. ನೆಲದ ಮೇಲಿನ ನಗರವನ್ನು ಬಲ್ಲ ಜನ ಗೊಣಗಿದರು. 1979ರಲ್ಲಿ ಭೂಗೋಳಕ್ಕೆ ಹತ್ತಿರವಾದ ಬೇರೊಂದು ನಕ್ಷೆ ಬಂತು. ತಮಾಷೆಯೆಂದರೆ 2025ರಲ್ಲಿ ಅಲ್ಲಿನ ಸಂಸ್ಥೆ ವಿನ್ಯೆಲ್ಲಿಯ ದಾರಿಯನ್ನೇ ನೆನಪಿಸುವ ರೇಖಾನಕ್ಷೆಗೆ ಮರಳಿತು. ಮೈಸೂರಿಗಾದರೆ ಚಾಮುಂಡಿ ಬೆಟ್ಟ ಆಗ್ನೇಯದಲ್ಲೇ ಇರಲಿ. ಅದನ್ನು ಪಶ್ಚಿಮಕ್ಕೆ ಕಳಿಸಿದರೆ ನಕ್ಷೆ ಎಷ್ಟೇ ಅಂದವಾಗಿದ್ದರೂ ಯಾವ ಮೈಸೂರಿಗನೂ ಕ್ಷಮಿಸಲಾರ.

ಚಾಮರಾಜಪುರಂ, ಅಶೋಕಪುರಂ, ಕಡಕೊಳ, ನಂಜನಗೂಡು ಈಗಾಗಲೇ ರೈಲುಹಳಿಯ ಮೇಲಿವೆ. ಅವನ್ನು ಉಪನಗರ ಮಾರ್ಗವಾಗಿ ಜೋಡಿಸಿಕೊಂಡರೆ ಕಲ್ಪನೆಗೂ ನಂಬಿಕೆ ಬರುತ್ತದೆ.

ನಿಲ್ದಾಣದ ಹೆಸರುಗಳಿಗೆ ಯಾವ ಕನ್ನಡ ಫಾಂಟ್?

ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ. ಮೂರೂ ಮುಕ್ತ ಫಾಂಟ್ ಪರವಾನಗಿಯಲ್ಲಿವೆ. ಮುದ್ರಿಸಿದ ಪೋಸ್ಟರನ್ನು ಮಾರಿದರೂ ಅಡ್ಡಿಯಿಲ್ಲ. ಫಾಂಟ್ ಕಡತವನ್ನೇ ಬಿಡಿಯಾಗಿ ಮಾರುವಂತಿಲ್ಲ, ಅಷ್ಟೆ. ಅನೇಕ್‌ನಲ್ಲಿ ಅಗಲ ಕಿರಿದಾದ ರೂಪಗಳಿರುವುದರಿಂದ ‘ಶ್ರೀರಂಗಪಟ್ಟಣ’ದಂಥ ಉದ್ದ ಹೆಸರುಗಳಿಗೆ ಅನುಕೂಲ. ಲಂಡನ್ ಸಾರಿಗೆಗೆ ಎಡ್ವರ್ಡ್ ಜಾನ್‌ಸ್ಟನ್ 1916ರಲ್ಲಿ ಮಾಡಿಕೊಟ್ಟ ಅಕ್ಷರಶೈಲಿಯ ಈಗಿನ ಡಿಜಿಟಲ್ ರೂಪವನ್ನು ಎಲ್ಲಿಂದಲೋ ಇಳಿಸಿಕೊಂಡು ಹಚ್ಚುವ ಹುಚ್ಚು ಬೇಡ.

ಕನ್ನಡದ್ದೇ ಆದ ಕೆಲವು ತೊಡಕುಗಳಿವೆ. ಒತ್ತಕ್ಷರಗಳು ಕೆಳಗಿಳಿಯುವುದರಿಂದ ಎರಡು ಸಾಲಿನ ಹೆಸರಿಗೆ ಇಂಗ್ಲಿಷಿಗಿಂತ ಹೆಚ್ಚು ಸಾಲಂತರ ಬೇಕು. ನಮ್ಮಲ್ಲಿ ಇಂಗ್ಲಿಷಿನ ಹಾಗೆ ದೊಡ್ಡಕ್ಷರ (ಕ್ಯಾಪಿಟಲ್) ಇಲ್ಲ, ಹಾಗಾಗಿ ಮುಖ್ಯ ನಿಲ್ದಾಣವನ್ನು ದಪ್ಪ ಅಕ್ಷರದಿಂದಲೇ ಎದ್ದು ಕಾಣಿಸಬೇಕು. ಹೆಸರನ್ನು ಪದದ ಸಂದಿನಲ್ಲಿ ಮುರಿಯಿರಿ: ‘ಕೃಷ್ಣರಾಜ’ ಮೇಲೆ, ‘ಸಾಗರ’ ಕೆಳಗೆ. ಓರೆಯಾಗಿ ಬರೆದ ಕನ್ನಡ ಓದಲು ಕತ್ತು ನೋಯುತ್ತದೆ, ಆದಷ್ಟು ಅಡ್ಡವಾಗಿಯೇ ಇರಿಸಿ. ಇಂಕ್‌ಸ್ಕೇಪ್ ಒತ್ತಕ್ಷರಗಳನ್ನು ತಾನೇ ಸರಿಯಾಗಿ ಜೋಡಿಸುತ್ತದೆ. ಇಲ್ಲಸ್ಟ್ರೇಟರಿನಲ್ಲಿ ಅಕ್ಷರಗಳು ಒಡೆದು ಕಂಡರೆ ದಕ್ಷಿಣ ಏಷ್ಯಾ ಭಾಷೆಗಳ ಜೋಡಣೆಯನ್ನು ಆರಿಸಿಕೊಳ್ಳಿ.

ಮುದ್ರಣದವರಿಗೆ ಕಳಿಸಿದರೆ ಅಕ್ಷರಗಳೆಲ್ಲ ಕಲಸುಮೇಲೋಗರವಾಗಿ ಬರುತ್ತವೆ.

ಕೊನೆಯ ಪ್ರತಿಯಲ್ಲಿ ಪಠ್ಯವನ್ನು ಪಥವಾಗಿ, ಅಂದರೆ ಬರಿಯ ಗೆರೆಗಳ ಆಕಾರವಾಗಿ, ಪರಿವರ್ತಿಸಿ ಪಿಡಿಎಫ್ ಕೊಡಿ. ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ. ತಿದ್ದಬಹುದಾದ ಮೂಲ ಎಸ್‌ವಿಜಿ ಕಡತವನ್ನು ಮಾತ್ರ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ, ಪಥವಾದ ಅಕ್ಷರ ಮತ್ತೆ ಪಠ್ಯವಾಗುವುದಿಲ್ಲ.

ನಿಜವಾದ ಮೆಟ್ರೋದ ಲಾಂಛನ ಹಾಕಿದರೆ ನಕ್ಷೆಗೆ ಕಳೆ ಬರುತ್ತದೆ. ಹಾಕಲೇ?

ಹಾಕಬೇಡಿ. ಲಾಂಛನಕ್ಕೆ ವಾಣಿಜ್ಯ ಚಿಹ್ನೆಯ ರಕ್ಷಣೆ ಇರುತ್ತದೆ, ಅದು ಕೃತಿಸ್ವಾಮ್ಯದಂತೆ ವರ್ಷಗಳು ಕಳೆದು ತೀರಿಹೋಗುವಂಥದ್ದಲ್ಲ. ನವೀಕರಿಸುತ್ತ ಹೋದರೆ ಉಳಿಯುತ್ತಲೇ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಕಾನೂನನ್ನು ಬದಿಗಿಟ್ಟರೂ, ಲಾಂಛನವಿರುವ ಕಾಲ್ಪನಿಕ ನಕ್ಷೆ ವಾಟ್ಸ್‌ಆ್ಯಪಿಗೆ ಬಿದ್ದ ಮೇಲೆ ಕಾಲ್ಪನಿಕವಾಗಿ ಉಳಿಯುವುದಿಲ್ಲ. ‘ನಿಮ್ಮ ಊರಿಗೂ ಮೆಟ್ರೋ ಮಂಜೂರು’ ಎಂಬ ಒಕ್ಕಣೆ ಅಂಟಿಸಿಕೊಂಡು ಊರೂರು ಸುತ್ತುತ್ತದೆ. ನಿವೇಶನ ಮಾರುವವರ ಕೈಗೆ ಸಿಕ್ಕಿದರೆ ಮುಗಿಯಿತು, ನೀವು ಇಲವಾಲದ ಬಳಿ ಇಟ್ಟ ಬಿಳಿ ವೃತ್ತ ಅವರ ಜಾಹೀರಾತಿನಲ್ಲಿ ‘ಮೆಟ್ರೋ ನಿಲ್ದಾಣದಿಂದ ಐದೇ ನಿಮಿಷ’ ಆಗಿಬಿಡುತ್ತದೆ. ಸಾಲ ಮಾಡಿ ದುಡ್ಡು ಕಟ್ಟುವವನಿಗೆ ನಿಮ್ಮ ಹವ್ಯಾಸದ ವಿಷಯ ಗೊತ್ತಿರುವುದಿಲ್ಲ.

ಅದಕ್ಕೆ ‘ಕಾಲ್ಪನಿಕ’ ಎಂಬ ಪದ ಶೀರ್ಷಿಕೆಯಲ್ಲೇ ಇರಲಿ, ನಕ್ಷೆಯ ನಡುಭಾಗದಲ್ಲಿ ಮಸುಕಾಗಿ ಇನ್ನೊಮ್ಮೆ ಇರಲಿ. ಮೂಲೆಯಲ್ಲಿ ಸಣ್ಣಗೆ ಬರೆದದ್ದನ್ನು ಕತ್ತರಿಸಿ ಹಾಕಲು ಕ್ಷಣವೂ ಬೇಡ. ಲಾಂಛನ ಬೇಕೇಬೇಕಿದ್ದರೆ ನೀವೇ ಒಂದನ್ನು ಹುಟ್ಟಿಸಿ. ಕಾಲ್ಪನಿಕ ಸಂಸ್ಥೆಗೆ ಹೆಸರು, ಬಣ್ಣ, ಟಿಕೆಟ್ಟು ಕಟ್ಟಿಕೊಡುವುದು ಈ ಹವ್ಯಾಸದ ಅರ್ಧ ಮಜಾ.

ಇಡೀ ಭಾರತಕ್ಕೆ ಅತಿವೇಗದ ರೈಲಿನ ನಕ್ಷೆ ಬಿಡಿಸುತ್ತಿದ್ದೇನೆ. ಬೇರೆ ನಿಯಮವಿದೆಯೇ?

ದೇಶದ ಗಡಿ ತೋರಿಸುವುದಾದರೆ ಇದೆ. ಸರ್ವೇ ಆಫ್ ಇಂಡಿಯಾ ಪ್ರಕಟಿಸಿದ ನಕ್ಷೆಗೆ ಹೊಂದದ ಭಾರತದ ನಕ್ಷೆಯನ್ನು ಪ್ರಕಟಿಸುವುದು 1961ರ ಅಪರಾಧ ಕಾನೂನು ತಿದ್ದುಪಡಿ ಕಾಯ್ದೆಯಂತೆ ಶಿಕ್ಷಾರ್ಹ. ವಿದೇಶಿ ತಾಣಗಳಿಂದ ಗಡಿರೇಖೆ ಇಳಿಸಿಕೊಳ್ಳುವವರು ಇಲ್ಲಿಯೇ ಎಡವುವುದು. ಸುಲಭದ ಪರಿಹಾರ: ಗಡಿಯನ್ನೇ ಬಿಡಿಸಬೇಡಿ. ರೇಖಾನಕ್ಷೆಗೆ ಅದರ ಅಗತ್ಯವೂ ಇಲ್ಲ.

ಹಸ್ತಿನಾಪುರಕ್ಕೆ ಮೆಟ್ರೋ ಹಾಕಬಹುದೇ?

ಖಂಡಿತ. ಮಹಾಭಾರತ ಯಾರ ಸ್ವತ್ತೂ ಅಲ್ಲ. ಇಂದ್ರಪ್ರಸ್ಥಕ್ಕೆ ನೇರ ಮಾರ್ಗ, ಏಕಚಕ್ರಪುರಕ್ಕೆ ಕವಲು, ನಿಮ್ಮಿಷ್ಟ. ಇತ್ತೀಚಿನ ಕಾದಂಬರಿಯೊಂದರ ಕಲ್ಪಿತ ಊರಾದರೆ ಬಿಡಿ ಹೆಸರುಗಳಿಗೆ ಸಾಮಾನ್ಯವಾಗಿ ಕೃತಿಸ್ವಾಮ್ಯ ಸಿಗದು, ಪುಸ್ತಕದಲ್ಲಿ ಅಚ್ಚಾದ ನಕ್ಷೆಗೆ ಇದೆ. ಮಾರುವ ಯೋಚನೆಯಿದ್ದರೆ ಲೇಖಕರನ್ನೋ ಪ್ರಕಾಶಕರನ್ನೋ ಕೇಳಿ.

ನನ್ನ ನಕ್ಷೆಯನ್ನು ಒಂದು ಸಂಸ್ಥೆ ಕೇಳುತ್ತಿದೆ. ಬಾಯಿಮಾತಿನಲ್ಲಿ ಒಪ್ಪಿಕೊಳ್ಳಲೇ?

ಬೆಕ್‌ನ ಕತೆ ಕೇಳಿ ತೀರ್ಮಾನಿಸಿ. ಅಲ್ಪ ಸಂಭಾವನೆಗೆ ನಕ್ಷೆ ಕೊಟ್ಟ ಅವನು, ಮುಂದಿನ ಬದಲಾವಣೆಗಳೆಲ್ಲ ತನ್ನ ಕೈಯಿಂದಲೇ ಆಗುತ್ತವೆ ಎಂಬ ನಂಬಿಕೆಯಲ್ಲಿದ್ದ. 1960ರಲ್ಲಿ ಬೇರೊಬ್ಬರು ಬಿಡಿಸಿದ ನಕ್ಷೆ ಅವನಿಗೆ ತಿಳಿಸದೆಯೇ ನಿಲ್ದಾಣಗಳಲ್ಲಿ ತೂಗಿತು. ವರ್ಷಗಟ್ಟಲೆ ಜಗ್ಗಾಡಿ ಸೋತ. ಲಂಡನ್ ನಕ್ಷೆಯ ಮೂಲ ವಿನ್ಯಾಸ ಅವನದೆಂದು ನಕ್ಷೆಯಲ್ಲೇ ಬರೆಯತೊಡಗಿದ್ದು 1997ರಲ್ಲಿ, ಅವನು ಸತ್ತು ಎರಡು ದಶಕಗಳು ಕಳೆದ ಮೇಲೆ.

ನಮ್ಮ ಕಾಯ್ದೆ ಇಲ್ಲಿ ರಚನೆಕಾರರ ಪರವಾಗಿದೆ. ಕೃತಿಸ್ವಾಮ್ಯದ ವರ್ಗಾವಣೆ ಬರವಣಿಗೆಯಲ್ಲಿ, ನಿಮ್ಮ ಸಹಿಯೊಂದಿಗೆ ಆಗದಿದ್ದರೆ ಸಿಂಧುವಲ್ಲ. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಐದು ವರ್ಷಕ್ಕೆ, ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಲೆಕ್ಕ. ಹಕ್ಕನ್ನು ಪೂರ್ತಿ ಬಿಟ್ಟುಕೊಡುವ ಬದಲು ಬಳಕೆಯ ಪರವಾನಗಿ ಕೊಡುವುದು ಮೇಲು. ಇವೆಲ್ಲ ಸ್ವತಂತ್ರವಾಗಿ ಬಿಡಿಸಿದವರಿಗೆ. ನೌಕರಿಯ ಭಾಗವಾಗಿ ಬಿಡಿಸಿದ್ದರೆ ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹಕ್ಕು ಮಾಲೀಕರದು.

ನನ್ನದನ್ನು ಯಾರೋ ಹೆಸರು ಅಳಿಸಿ ಹಾಕಿಕೊಂಡಿದ್ದಾರೆ. ಏನು ಮಾಡಲಿ?

ಮೊದಲು ಹಾಕಿದವರಿಗೇ ಸೌಮ್ಯವಾಗಿ ಬರೆಯಿರಿ, ಬಹಳಷ್ಟು ಅಲ್ಲಿಯೇ ಮುಗಿಯುತ್ತವೆ. ನೋಂದಣಿ ಮಾಡಿಸದಿದ್ದರೂ ಹಕ್ಕು ನಿಮ್ಮದೇ. ಬಿಡಿಸಿದ ಗಳಿಗೆಯಿಂದಲೇ ಹುಟ್ಟುತ್ತದೆ. ಕೇಳದಿದ್ದರೆ ಆ ಜಾಲತಾಣಕ್ಕೆ ಲಿಖಿತ ದೂರು ಕೊಡಿ. 2013ರ ಕೃತಿಸ್ವಾಮ್ಯ ನಿಯಮಗಳಂತೆ ದೂರು ಸರಿಯೆನಿಸಿದರೆ ಅವರು 36 ಗಂಟೆಗಳೊಳಗೆ ಅದನ್ನು ತಡೆಹಿಡಿಯಬೇಕು. 21 ದಿನಗಳಲ್ಲಿ ನ್ಯಾಯಾಲಯದ ಆದೇಶ ತರದಿದ್ದರೆ ಅದು ಮರಳಿ ಕಾಣಿಸಿಕೊಳ್ಳಬಹುದು. ದೂರಿನ ಜೊತೆ ಪದರಗಳಿರುವ ಎಸ್‌ವಿಜಿ ಕಡತ, ದಿನಾಂಕವಿರುವ ಹಳೆಯ ಆವೃತ್ತಿಗಳು, ಕಾಗದದ ಕರಡಿನ ಫೋಟೋ ಇರಲಿ. ಪಿಎನ್‌ಜಿ ಚಿತ್ರವನ್ನಷ್ಟೇ ಎತ್ತಿಕೊಂಡವರ ಬಳಿ ಇವು ಯಾವುವೂ ಇರುವುದಿಲ್ಲ.